ಹದಿನೇಳನೆಯ ಬಿಲ್ಲೆ

ಶಂಕರಪಲ್ಲಿ ದಾರಿಯ ಮಾವಿನ ತೋಪಿನಲ್ಲಿದ್ದ ಮರಬಾಳೆ ಎಂಬ ಆರ್ಕಿಡ್ ಗಿಡಗಳನ್ನು ನಾಶ ಮಾಡಿದ್ದು ನಾನು ಓದಿದ ಸಸ್ಯಶಾಸ್ತ್ರ ವಿಭಾಗ. ಈ ಮಾತನ್ನು ಸಿಟ್ಟಿನ ಭರದಲ್ಲಿ ಬರೆಯುತ್ತಿಲ್ಲ. ನಾಲ್ಕು ವರ್ಷ ಬಾಯಿ ಮುಚ್ಚಿಕೊಂಡು ಯೋಚಿಸಿದ ಮೇಲೆ ಬರೆಯುತ್ತಿದ್ದೇನೆ. ಗಿಡ ಕಿತ್ತ ಕೈ ಬೇರೆ, ಕೊಂಡ ಅಂಗಡಿ ಬೇರೆ, ಅರೆದು ಇಲಿಗಳಿಗೆ ಕುಡಿಸಿದ ಪ್ರಯೋಗಾಲಯ ಬೇರೆ. ಆದರೆ ಅವರೆಲ್ಲರ ದಾರಿ ಸುಗಮ ಮಾಡಿದ ಕಾಗದ ಹೊರಟದ್ದು ನಮ್ಮ ಮೇಜಿನಿಂದ. ಅದರ ಮೇಲೆ ವಿಭಾಗದ ದುಂಡು ಮುದ್ರೆಯಿತ್ತು, ಪ್ರಾಧ್ಯಾಪಕರ ಸಹಿಯಿತ್ತು, ನನ್ನ ಕೈಬರಹವಿತ್ತು. ಆಪಾದಿತರ ಸಾಲಿನಲ್ಲಿ ನನ್ನ ಹೆಸರನ್ನು ಕೊನೆಗೆ ಸೇರಿಸಿ ಪ್ರಾಮಾಣಿಕಳೆನಿಸಿಕೊಳ್ಳುವ ಆಸೆ ನನಗಿಲ್ಲ. ಅದು ಮೊದಲಿಗೇ ಇರಲಿ.

ಹೋದ ಜನವರಿಯಲ್ಲಿ ಅವ್ವನನ್ನು ನಾಂಪಲ್ಲಿಯ ವಸ್ತುಪ್ರದರ್ಶನಕ್ಕೆ ಕರೆದುಕೊಂಡು ಹೋಗಿದ್ದೆ. ಮಂಡಿನೋವಿನಿಂದ ಹತ್ತು ಹೆಜ್ಜೆಗೊಮ್ಮೆ ನಿಲ್ಲುವ ಅವ್ವ ಒಂದು ತೈಲದಂಗಡಿಯ ಮುಂದೆ ಹೆಚ್ಚೇ ಹೊತ್ತು ನಿಂತಳು. ಮಾರುವವನು ಸೀಸೆಯ ಮುಚ್ಚಳ ತಿರುವಿ ಅವಳ ಅಂಗೈಗೆ ಎರಡು ಹನಿ ಬಿಟ್ಟ. ಎಳ್ಳೆಣ್ಣೆ, ಕರ್ಪೂರ, ಅವೆರಡರ ಅಡಿಯಲ್ಲಿ ಒಣಬೇರಿನ ಒಂದು ಕಟು ವಾಸನೆ. ಆ ವಾಸನೆಯನ್ನು ಎಲ್ಲಿ ಕಂಡಿದ್ದೆನೆಂದು ನೆನೆಯುತ್ತ ತಲೆಯೆತ್ತಿದರೆ ಅವನ ಬೆನ್ನ ಹಿಂದೆ, ಪ್ಲಾಸ್ಟಿಕ್ ಹೊದಿಸಿ ತೂಗುಹಾಕಿದ್ದ ಒಂದು ಜೆರಾಕ್ಸ್ ಪ್ರತಿ ಕಂಡಿತು. ನಮ್ಮ ವಿಭಾಗದ ಪ್ರಮಾಣಪತ್ರ. ಅದನ್ನು ಪಡೆದ ವಿದ್ಯಾರ್ಥಿನಿಯ ಹೆಸರಿನ ಮೇಲೆ ಬಿಳಿ ಪಟ್ಟಿ ಅಂಟಿಸಿ ಪ್ರತಿ ತೆಗೆದಿದ್ದರು. ಗಿಡದ ಹೆಸರು ಮಾತ್ರ ಸ್ಪಷ್ಟವಾಗಿ ಉಳಿದಿತ್ತು. ವಾಂಡಾ ಎಂಬ ಆ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಮೊದಲಕ್ಷರದ ಬಲಗಾಲನ್ನು ಮುಂದಿನ ಅಕ್ಷರದ ತಲೆಯ ಮೇಲೆ ಚಾಚುವುದು ನನ್ನ ಹಳೆಯ ಚಟ. ಆ ಚಾಚಿದ ಕಾಲು ಸಾವಿರಾರು ಜನರ ಎದುರು ತೂಗಾಡುತ್ತಿತ್ತು.

"ಯಾಕ, ಮಾರಿ ಹಿಂಗ್ಯಾಕ ಆತು?" ಎಂದು ಅವ್ವ ಕೇಳಿದಳು. ಏನಿಲ್ಲ ಅಂದೆ. ಅವಳು ಒಂದು ಸೀಸೆ ಕೊಂಡಳು. ನಾನು ತಡೆಯಲಿಲ್ಲ. ಆ ಎಣ್ಣೆಯಲ್ಲಿ ನಿಜಕ್ಕೂ ಯಾವ ಬೇರಿತ್ತೋ ನನಗೆ ತಿಳಿಯದು. ತಿಳಿಯದೆಂದು ಹೇಳಬೇಕಾದರೂ ಆ ಕಾಗದದ ಬಗ್ಗೆ ಹೇಳಬೇಕಾಗುತ್ತಿತ್ತು.

ಆ ಕಾಗದ ಹುಟ್ಟಿದ ಮಳೆಗಾಲದ ಬಗ್ಗೆ ಈಗ ಹೇಳುತ್ತೇನೆ.

ನಾನಾಗ ಎಂಎಸ್ಸಿ ಕೊನೆಯ ವರ್ಷದಲ್ಲಿದ್ದೆ. ನನ್ನ ಪ್ರಬಂಧದ ವಿಷಯ ಮರಬಾಳೆ. ತರಗತಿಯಲ್ಲಿ ವಾಂಡಾ ಎನ್ನುವ, ಗಿಡಮೂಲಿಕೆಯ ಪೇಟೆಯಲ್ಲಿ ಇದರ ಬೇರನ್ನು ರಾಸ್ನಾ ಎಂದು ಮಾರುವ ಆರ್ಕಿಡ್. ಇದು ಮರದ ಮೇಲೆ ಬೆಳೆಯುತ್ತದೆ, ಮರದ ರಸ ಹೀರುವುದಿಲ್ಲ. ಒರಟು ತೊಗಟೆಯನ್ನು ಬೆರಳುಗಾತ್ರದ ಬೇರುಗಳಿಂದ ತಬ್ಬಿಕೊಂಡು ಗಾಳಿ, ಇಬ್ಬನಿ ಮತ್ತು ಮಳೆ ತೊಳೆದು ತರುವ ಧೂಳಿನಲ್ಲೇ ಬದುಕುತ್ತದೆ. ಬೇಸಿಗೆಯಲ್ಲಿ ಆ ಬೇರುಗಳು ಸುಣ್ಣ ಬಳಿದಷ್ಟು ಬಿಳುಪು. ಮಳೆ ಬಿದ್ದ ಕೆಲವೇ ನಿಮಿಷಗಳಲ್ಲಿ ಬಿಳುಪಿನ ಒಳಗಿಂದ ಹಸಿರು ಏಳುವುದನ್ನು ನಾನು ಏಣಿಯ ಮೇಲೆ ನೆನೆಯುತ್ತ ನಿಂತು ನೋಡಿದ್ದೇನೆ. ಹೂವಿನ ದಳಗಳ ಮೇಲೆ ಕಂದು ಚೌಕುಳಿ, ನಡುವಿನ ತುಟಿ ಮಾತ್ರ ನೇರಳೆ. ಕಾಯಿಯೊಳಗಿನ ಬೀಜ ಧೂಳಿಗಿಂತ ನವುರು. ಅದರಲ್ಲಿ ಮೊಳಕೆಗೆ ಬೇಕಾದ ಆಹಾರವೇ ಇರುವುದಿಲ್ಲ. ತೊಗಟೆಯಲ್ಲಿ ಅದಕ್ಕೆ ಒಗ್ಗುವ ಬೂಷ್ಟು ಇದ್ದರಷ್ಟೇ ಮೊಳೆತೀತು. ಮೊಳೆತದ್ದು ಹೂ ಬಿಡಲು ಹಲವು ವರ್ಷ ಬೇಕು. ಇಷ್ಟು ನಿಧಾನದ ಜೀವವನ್ನು ಕಿತ್ತ ಜಾಗದಲ್ಲಿ ಮತ್ತೊಂದು ಬರುತ್ತದೆಂದು ಯಾರೂ ಭರವಸೆ ಕೊಡಲಾರರು. ನಗರದ ಸುತ್ತ ಹಳೆಯ ಮಾವು, ಇಪ್ಪೆ ಮರಗಳು ಹೋದಂತೆಲ್ಲ ಇದೂ ಹೋಗಿತ್ತು. ನಾನು ಹುಡುಕಿ ಹುಡುಕಿ ಕಂಡ ತೋಪು ಅದೊಂದೇ.

ತೋಪಿನ ಮಾಲೀಕರು ಅರ್ಧ ಭೂಮಿಯನ್ನು ಆಗಲೇ ಮನೆ ಕಟ್ಟುವವರಿಗೆ ಮಾರಿದ್ದರು. ಕಟ್ಟಡದ ಕೆಲಸಕ್ಕೆ ಬಂದವರ ತಗಡಿನ ಶೆಡ್ಡುಗಳು ಮಾವಿನ ಸಾಲಿಗೆ ತಾಗಿಕೊಂಡೇ ಇದ್ದವು. ಯಾದಗಿರಿ ಕಡೆಯ ನಾಗಮ್ಮನನ್ನು ನಾನು ಕಂಡದ್ದು ಅಲ್ಲಿ. ನಲವತ್ತರ ಆಸುಪಾಸಿನ, ಸಿಮೆಂಟಿನಿಂದ ಬೆರಳ ತುದಿ ಬಿರಿದ ಹೆಂಗಸು. ಜೂನ್ ತಿಂಗಳ ಮೊದಲ ವಾರ ನಾನು ಏಣಿ ಹಾಕಿ ಗಿಡಗಳಿಗೆ ಬಿಲ್ಲೆ ಕಟ್ಟುತ್ತಿದ್ದಾಗ ಕೆಳಗೆ ಬಂದು ನಿಂತಳು. ಬಿಲ್ಲೆಗಳನ್ನು ನನ್ನ ಅಪ್ಪ ಮಾಡಿಕೊಟ್ಟಿದ್ದ. ಬಾಲಾನಗರದ ಒಂದು ಸಣ್ಣ ಕಾರ್ಖಾನೆಯಲ್ಲಿ ಲೇಥ್ ಮೇಲೆ ದುಡಿಯುವ ಅಪ್ಪ, ಉಳಿದ ಅಲ್ಯೂಮಿನಿಯಂ ತಗಡನ್ನು ದುಂಡಗೆ ಕತ್ತರಿಸಿ, ಅಂಚು ಉಜ್ಜಿ, ಒಂದೊಂದಕ್ಕೂ ಅಂಕಿ ಒತ್ತಿದ್ದ. ಮಗಳ ಗಿಡಕ್ಕೆ ಗಾಯವಾಗಬಾರದೆಂದು ಅಂಚನ್ನು ಎರಡು ಸಲ ಉಜ್ಜಿದ್ದ.

"ಏನ್ ಕಟ್ಟಾಕತ್ತೀರಿ ಅಕ್ಕೋರೆ?" ಎಂದಳು ನಾಗಮ್ಮ. ಸರ್ಕಾರದವರು ಮರ ಕಡಿಯಲು ಗುರುತು ಹಾಕುತ್ತಿದ್ದಾರೆಂದು ಅವಳ ಅನುಮಾನ. ಗಿಡಗಳು ಕಳೆಯದಂತೆ ಲೆಕ್ಕ ಇಡುತ್ತಿದ್ದೇನೆ ಎಂದೆ ಕನ್ನಡದಲ್ಲಿ. ನನ್ನ ಬಾಯಲ್ಲಿ ಕನ್ನಡ ಕೇಳಿ ಅವಳ ಮುಖ ಅರಳಿತು. ಕೂಡಲೇ ಕೊಂಕೂ ಬಂತು: "ಮೂರು ವರ್ಷ ಆತು ಈ ಊರಿಗೆ ಬಂದು. ನಮಗ ಒಂದು ರೇಷನ್ ಕಾರ್ಡ್ ಆಗವಲ್ದು. ಗಿಡಕ್ಕ ನಂಬರ್ ಬಂತು ನೋಡ್ರಿ."

ಅಂದಿನಿಂದ ಏಣಿ ಹಿಡಿಯುವವಳು ಅವಳೇ. ವಾರಕ್ಕೆ ಎರಡು ಸಲ ನಾನು ಹೋಗುತ್ತಿದ್ದೆ. ಹೊಸ ಎಲೆ, ಹೂದಂಟು, ಬೇರಿನ ಉದ್ದ ಎಲ್ಲವನ್ನೂ ಬರೆದುಕೊಳ್ಳುತ್ತಿದ್ದೆ. ಅವಳು ಕೆಳಗಿನಿಂದ ಊರಿನ ಸುದ್ದಿ, ಗುತ್ತಿಗೆದಾರನ ಬೈಗುಳದ ಅಣಕ, ತನ್ನ ಗಂಡನ ಗೊರಕೆ ಎಲ್ಲ ಹೇಳುತ್ತಿದ್ದಳು. ಹದಿನೇಳನೆಯ ಗಿಡದಲ್ಲಿ ಮಾತ್ರ ಹೂ ಕಾಯಿಗಟ್ಟಿತ್ತು. ಮೂರು ಕಾಯಿ. ಬೇರೆಲ್ಲ ಗಿಡಗಳ ಹೂ ಬರಿದೇ ಉದುರಿದ್ದವು. ಪ್ರಬಂಧ ಮುಗಿದ ಮೇಲೆ, ಆ ಕಾಯಿಗಳು ಚಳಿಗಾಲಕ್ಕೆ ಬಲಿತಾಗ ಬೀಜ ತೆಗೆದು, ವಿಭಾಗದ ಪ್ರಯೋಗಾಲಯದ ಸೀಸೆಗಳಲ್ಲಿ ಮೊಳೆಸಿ, ಸಸಿಗಳನ್ನು ಅದೇ ತೋಪಿಗೆ ಮರಳಿ ಕಟ್ಟುವುದು ನನ್ನ ಯೋಜನೆ. ತೋಪೇ ಉಳಿಯದಿದ್ದರೆ ನಮ್ಮ ಆವರಣದ ಮರಗಳಿಗೆ ಕಟ್ಟುವುದು. ಆ ಮೂರು ಕಾಯಿಗಳ ಮೇಲೆ ನಾನು ಇಟ್ಟ ಆಸೆ ಚಿಕ್ಕದಲ್ಲ.

ಜುಲೈ ತಿಂಗಳಲ್ಲಿ ಮಳೆ ಹಿಡಿಯಿತು. ಕಾಂಕ್ರೀಟ್ ಕೆಲಸ ನಿಂತಿತು. ಶೆಡ್ಡಿನೊಳಗೆ ನೀರು ಹೊಕ್ಕು ನಾಗಮ್ಮ ಇಟ್ಟಿಗೆಗಳ ಮೇಲೆ ಒಲೆ ಏರಿಸಿದ್ದಳು. ಆ ದಿನಗಳಲ್ಲೇ ಬಿಲ್ಲೆ ಕಟ್ಟದ ಕೆಲವು ಗಿಡಗಳು ತೋಪಿನಿಂದ ಕಾಣೆಯಾದವು. ಕೇಳಿದರೆ ಅವಳು ಮುಚ್ಚಿಡಲಿಲ್ಲ. ಬೇಗಂ ಬಜಾರಿನ ಅಂಗಡಿಗೆ ಮೂಲಿಕೆ ಒಯ್ಯುವ ಒಬ್ಬ ಬೈಕಿನವನು ಬಂದಿದ್ದ. ಇಂಥ ಬೇರು ಬೇಕೆಂದಿದ್ದ. ಕೆಲಸವಿಲ್ಲದ ದಿನಗಳಲ್ಲಿ ಕಿತ್ತುಕೊಟ್ಟಳು. ಕೀಳಬೇಡ ಅಂದೆ. ಮಳೆ ನಿಂತರೆ ಬಿಡುತ್ತೇನೆ ಅಂದಳು. ನಿಮ್ಮ ಬಿಲ್ಲೆಯವನ್ನು ಮುಟ್ಟಿಲ್ಲವೆಂದೂ ಹೇಳಿದಳು. ಆಮೇಲೆ, ನಾನು ಕೇಳದಿದ್ದರೂ, ಹದಿನೇಳನೆಯ ಗಿಡದ ಕಡೆ ಗದ್ದ ಎತ್ತಿ ಅಂದಳು:

"ಕಾಯಿ ಹಿಡದದ್ದು ಬಸುರಿ ಇದ್ದಂಗ. ಅದಕ್ಕ ಯಾರೂ ಕೈ ಹಚ್ಚಾಂಗಿಲ್ರಿ. ನಮ್ಮವ್ವ ಕಲಿಸಿದ್ದು. ಕಾಡಿಗೆ ಹೋದ್ರ ಎಲ್ಲಾ ತರಬೇಕು, ಬಸುರಿ ಗಿಡ ಬಿಟ್ಟು ಬರಬೇಕು."

ನನ್ನ ಟಿಪ್ಪಣಿ ಪುಸ್ತಕದಲ್ಲಿ ಅಂದು ನಾನು ಬರೆದದ್ದು: ಸ್ಥಳೀಯರಿಂದ ಸಂಗ್ರಹ, ಅಲ್ಪ ಪ್ರಮಾಣ. ಅವಳು ಪಾಲಿಸುತ್ತಿದ್ದ ಕಟ್ಟಳೆಯನ್ನು ಬರೆದುಕೊಳ್ಳಲಿಲ್ಲ. ಅದಕ್ಕೆ ನನ್ನ ಕೋಷ್ಟಕದಲ್ಲಿ ಅಂಕಣವಿರಲಿಲ್ಲ.

ಉಳಿದ ದಿನಗಳಲ್ಲಿ ನಾನು ವಿಭಾಗದ ಹರ್ಬೇರಿಯಂನಲ್ಲಿ ಕೂರುತ್ತಿದ್ದೆ. ಒಣಗಿಸಿದ ಗಿಡಗಳನ್ನು ಹಾಳೆಗಂಟಿಸಿ ಕಬ್ಬಿಣದ ಬೀರುಗಳಲ್ಲಿ ಜೋಡಿಸಿಟ್ಟ ಕೋಣೆ ಅದು; ನುಸಿಗುಳಿಗೆಯ ವಾಸನೆ ಮನೆಗೆ ಬಂದ ಮೇಲೂ ನನ್ನ ಕೂದಲಲ್ಲಿ ಇರುತ್ತಿತ್ತು. ಓದಿನ ಜೊತೆಗೆ ಅಲ್ಲಿ ಅರೆಕಾಲಿಕ ಸಹಾಯಕಿಯೂ ಆಗಿದ್ದ ನನ್ನ ಮುಖ್ಯ ಕೆಲಸ ಪ್ರಮಾಣಪತ್ರ ಬರೆಯುವುದು. ಇದು ಹೊರಗಿನವರಿಗೆ ಗೊತ್ತಿರಲಾರದು. ಈ ನಗರದ ಸುತ್ತ ಔಷಧ ವಿಜ್ಞಾನದ ಕಾಲೇಜುಗಳಿಗೆ ಬರವಿಲ್ಲ. ಅಲ್ಲಿನ ಸ್ನಾತಕೋತ್ತರ ವಿದ್ಯಾರ್ಥಿಗಳಲ್ಲಿ ಬಹಳಷ್ಟು ಮಂದಿ ಯಾವುದಾದರೊಂದು ಮೂಲಿಕೆಯ ರಸ ತೆಗೆದು ಇಲಿಗಳ ಬಾವು ಇಳಿಯಿತೇ ಎಂದು ಪರೀಕ್ಷಿಸುತ್ತಾರೆ. ಒಬ್ಬರು ಮಾಡಿದ್ದನ್ನೇ ಮರುವರ್ಷ ಇನ್ನೊಬ್ಬರು ಮಾಡುತ್ತಾರೆ. ಪ್ರತಿಯೊಬ್ಬರಿಗೂ ಚೀಲದಷ್ಟು ಗಿಡ ಬೇಕು; ಅದು ಅದೇ ಗಿಡವೆಂದು ಸಸ್ಯಶಾಸ್ತ್ರಜ್ಞರ ಕಾಗದ ಬೇಕು. ಆ ಕಾಗದದಲ್ಲಿ ಗಿಡದ ಹೆಸರಿಗೆ, ಕುಟುಂಬಕ್ಕೆ, ಬಳಸುವ ಭಾಗಕ್ಕೆ, ವಿದ್ಯಾರ್ಥಿಯ ಹೆಸರಿಗೆ, ಕಾಲೇಜಿಗೆ ಜಾಗವಿತ್ತು. ಎಲ್ಲಿಂದ ತಂದಿರಿ, ಎಷ್ಟು ಕಿತ್ತಿರಿ, ಯಾರನ್ನು ಕೇಳಿ ಕಿತ್ತಿರಿ ಎಂಬುದಕ್ಕೆ ಒಂದು ಗೆರೆಯಷ್ಟೂ ಜಾಗವಿರಲಿಲ್ಲ.

ಒಮ್ಮೆ ಈ ಬಗ್ಗೆ ನಮ್ಮ ಮೇಡಂ ಬಳಿ ಪ್ರಸ್ತಾಪಿಸಿದ್ದೆ. ನನ್ನ ಪ್ರಬಂಧದ ಮಾರ್ಗದರ್ಶಕರೂ ಸಹಿ ಹಾಕುವ ಪ್ರಾಧ್ಯಾಪಕರೂ ಅವರೇ. ಕೆಟ್ಟವರಲ್ಲ, ನನ್ನ ಶುಲ್ಕದ ಕಂತಿಗೆ ತಡವಾದಾಗ ಕಚೇರಿಗೆ ತಾವೇ ನಡೆದು ಹೋಗಿ ಮಾತಾಡಿದವರು. ಕನ್ನಡಕ ತೆಗೆದು ಒರೆಸುತ್ತ ಅವರು ಸಮಾಧಾನವಾಗಿ ಹೇಳಿದ್ದು ಇಷ್ಟು: ಗುರುತಿಸುವುದು ನಮ್ಮ ಕೆಲಸ, ಕಾಯುವುದಕ್ಕೆ ಬೇರೆ ಇಲಾಖೆ ಇದೆ. ಆಗ ಆ ಮಾತು ನನಗೆ ಶಿಸ್ತಿನ ಮಾತಾಗಿಯೇ ಕೇಳಿಸಿತ್ತು.

ಹರ್ಬೇರಿಯಂನ ಅಟೆಂಡರ್ ಖಾಜಾ ಸಾಬ್ ಮಾತ್ರ ಬೇರೆ ರೀತಿ ಹೇಳುತ್ತಿದ್ದ. ಹುಮನಾಬಾದಿನ ಮನುಷ್ಯ, ನಿವೃತ್ತಿಗೆ ಹತ್ತಿರ. ಮುದ್ರೆ ಒತ್ತುವುದು ಅವನ ಪಾಲಿನ ಕೆಲಸ. "ಬೇಟಿ, ಈ ಬೀರೂನಾಗ ಇರೋ ಗಿಡಾ ಎಲ್ಲಾ ಸತ್ತಾವ. ನಾವಿಬ್ರೂ ಸತ್ತೋರ ದಫ್ತರದಾಗ ನೌಕರಿ ಮಾಡ್ತೀವಿ ನೋಡು," ಎಂದು ನಗುತ್ತ ಮುದ್ರೆಗೆ ಬಾಯಿಂದ ಹಬೆ ಊದುತ್ತಿದ್ದ.

ಆಗಸ್ಟ್ ಮೊದಲ ವಾರ ಪ್ರವಳಿಕ ಎಂಬ ವಿದ್ಯಾರ್ಥಿನಿ ಬಂದಳು. ವರಂಗಲ್ ಕಡೆಯ ಹುಡುಗಿ, ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು. ಮನೆಯಲ್ಲಿ ಮದುವೆಯ ಮಾತು ಬಂದಿದೆ, ಅದಕ್ಕೆ ಮುಂಚೆ ಪ್ರಬಂಧ ಒಪ್ಪಿಸಿ ಪದವಿ ಪಡೆಯದಿದ್ದರೆ ಮತ್ತೆಂದೂ ಆಗದು ಎಂದು ತೆಲುಗಿನಲ್ಲಿ ಒಂದೇ ಉಸಿರಿಗೆ ಹೇಳಿದಳು. ಚೀಲದಿಂದ ಅವಳು ತೆಗೆದದ್ದು ಮರಬಾಳೆಯ ನಾಲ್ಕು ಗಿಡ: ಬರಿಯ ಎಲೆ, ಬೇರು. ಬೇಗಂ ಬಜಾರಿನಿಂದ ತಂದದ್ದಂತೆ. ನನಗೆ ನೋಡಿದ ಕೂಡಲೇ ತಿಳಿಯಿತು ಇದು ವಾಂಡಾ ಎಂದು. ಯಾವ ತೋಪಿನದೆಂಬುದೂ ಬಹುಶಃ ತಿಳಿಯಿತು. ಆದರೆ ನಾನು ಶಾಸ್ತ್ರ ಓದಿದವಳು. ಹೂವೋ ಕಾಯಿಯೋ ಇಲ್ಲದ ಮಾದರಿಯನ್ನು ದೃಢೀಕರಿಸುವುದು ನಿಯಮಕ್ಕೆ ವಿರುದ್ಧ. ಹಾಗೆಂದು ಹೇಳಿ ಹಿಂದಿರುಗಿಸಿದೆ. ಕಾಯಿ ಇರುವ ಗಿಡ ತನ್ನಿ, ಕಾಗದ ಕೊಡುತ್ತೇವೆ ಅಂದೆ.

ಆ ವಾಕ್ಯವನ್ನು ನಾನು ಹೆಮ್ಮೆಯಿಂದಲೇ ಹೇಳಿದ್ದೆ. ನಿಯಮ ಮುರಿಯದವಳೆಂಬ ಹೆಮ್ಮೆ. ಹಿಂದಿರುಗಿಸುವುದರಿಂದ ಅವಳು ಗಿಡ ಬದಲಿಸಬಹುದು, ಬೇರೆ ಮೂಲಿಕೆ ಹಿಡಿಯಬಹುದು ಎಂಬ ಒಂದು ಸಣ್ಣ ಲೆಕ್ಕವೂ ಇತ್ತೆಂದು ಆಮೇಲೆ ನನ್ನನ್ನು ನಾನೇ ನಂಬಿಸಲು ನೋಡಿದ್ದೇನೆ. ಇರಲಿಲ್ಲ. ನಾನು ಕೇಳಿದ್ದು ಕಾಯಿಯಿರುವ ಗಿಡ. ನನಗೆ ತಿಳಿದಂತೆ ಆ ಸುತ್ತಿನಲ್ಲಿ ಕಾಯಿಯಿದ್ದದ್ದು ಒಂದೇ ಗಿಡ.

ಹತ್ತನೆಯ ದಿನ ಅವಳು ಮರಳಿ ಬಂದಳು. ಹೊರಗೆ ಸುರಿಮಳೆ. ಮೊಣಕಾಲವರೆಗೆ ನೆಂದ ಚೂಡಿದಾರ, ಎದೆಗವುಚಿಕೊಂಡ ಪ್ಲಾಸ್ಟಿಕ್ ಚೀಲ. ಒಳಗಿಂದ ಒದ್ದೆ ಗೋಣಿತಟ್ಟಿನ ಸುತ್ತನ್ನು ಮೇಜಿನ ಮೇಲೆ ಬಿಚ್ಚಿದಳು. ಉದ್ದನೆಯ ಗಿಡ, ತೊಗಟೆಯ ಚಕ್ಕೆ ಸಮೇತ ಕಿತ್ತ ಬೇರುಗಳು, ಮೂರು ಹಸಿರು ಕಾಯಿ. ಕಾಂಡದ ಬುಡದಲ್ಲಿ, ಎಲೆಯ ಮರೆಯಲ್ಲಿ, ನೈಲಾನ್ ದಾರದಿಂದ ಕಟ್ಟಿದ ಒಂದು ತಗಡಿನ ಬಿಲ್ಲೆ. ಅಪ್ಪ ಒತ್ತಿದ ಒಂದು, ಅಪ್ಪ ಒತ್ತಿದ ಏಳು.

ಬೇರುಗಳು ಇನ್ನೂ ಹಸಿರಾಗಿದ್ದವು. ಅಂದರೆ ಅವು ಇನ್ನೂ ಕುಡಿಯುತ್ತಿದ್ದವು. ಆ ಗಳಿಗೆಯಲ್ಲಿ ಅದನ್ನು ಎತ್ತಿಕೊಂಡು ಹೋಗಿ ಆವರಣದ ಯಾವುದಾದರೂ ಬೇವಿನ ಮರಕ್ಕೆ ಕಟ್ಟಿದ್ದರೆ ಅದು ಬದುಕುತ್ತಿತ್ತು. ನಾನು ಓದಿದ ವಿದ್ಯೆ ಅದನ್ನೇ ಹೇಳುತ್ತಿತ್ತು. ಕಿತ್ತು ಒಂದೆರಡು ದಿನವಾದ ಮರಬಾಳೆಯನ್ನು ಕಟ್ಟಿ ಬದುಕಿಸಬಹುದು. ಕಾಯಿ ಉಳಿಯದಿದ್ದರೂ ಗಿಡ ಉಳಿಯುತ್ತದೆ.

ಪ್ರವಳಿಕ ನನ್ನ ಮುಖವನ್ನೇ ನೋಡುತ್ತಿದ್ದಳು. "ಅಕ್ಕಾ, ಇದು ಸರಿಯಾಗಿದೆಯಲ್ವಾ?" ಎಂದು ತೆಲುಗಿನಲ್ಲಿ ಕೇಳಿದಳು. ಒಳಕೋಣೆಯಿಂದ ಮೇಡಂ ಯಾವುದೋ ಕಡತ ತರಲು ಕೂಗಿದರು. ಮುಂದಿನ ತಿಂಗಳು ನನ್ನ ಪ್ರಬಂಧದ ಮೌಖಿಕ ಪರೀಕ್ಷೆ ಇತ್ತು. ಕಿರುಕತ್ತರಿಯಿಂದ ದಾರ ಕತ್ತರಿಸಿ ಬಿಲ್ಲೆಯನ್ನು ಮುಷ್ಟಿಯಲ್ಲಿ ಹಿಡಿದೆ. ಇನ್ನೊಂದು ಕೈಯಿಂದ ಬರೆದೆ: ಮೇಲ್ಕಂಡ ಮಾದರಿಯನ್ನು ಪರಿಶೀಲಿಸಿ ದೃಢೀಕರಿಸಲಾಗಿದೆ. ವಾಂಡಾದ ಮೊದಲಕ್ಷರದ ಬಲಗಾಲು ಯಾವತ್ತಿನಂತೆಯೇ ಚಾಚಿತು. ಕೈ ನಡುಗಲಿಲ್ಲ. ನಡುಗಿತ್ತೆಂದು ಬರೆದರೆ ಈ ಬರಹಕ್ಕೆ ಒಂದು ಶೋಭೆ ಬರುತ್ತಿತ್ತು.

ಖಾಜಾ ಸಾಬ್ ಎಲ್ಲ ನೋಡಿದ್ದ. ಮುದ್ರೆಯನ್ನು ಗಾಳಿಯಲ್ಲೇ ಹಿಡಿದು ನನ್ನ ಮುಷ್ಟಿಯ ಕಡೆ ಕಣ್ಣು ತೋರಿಸಿ ಕೇಳಿದ: "ಒತ್ತಲೇನು?"

ಮೇಡಂ ಕಾಯುತ್ತಿದ್ದಾರೆ ಎಂದೆ. ಅವನು ಕೇಳಿದ್ದಕ್ಕೆ ಅದು ಉತ್ತರವಾಗಿರಲಿಲ್ಲ. ಅವನು ಒತ್ತಿದ.

ಆ ಸಂಜೆಯೇ ನಾನು ತೋಪಿಗೆ ಓಡಿಹೋಗಬೇಕಿತ್ತು. ಹೋಗಲಿಲ್ಲ. ಮಳೆಯ ನೆಪವಿತ್ತು, ರಸ್ತೆ ಮುಳುಗಿದ ನೆಪವಿತ್ತು, ಕೋಷ್ಟಕಗಳನ್ನು ತಿದ್ದುವ ನೆಪವಿತ್ತು. ನಿಜ ಹೇಳಬೇಕೆಂದರೆ ನಾಗಮ್ಮನ ಮುಖ ನೋಡಲು ನನಗೆ ಧೈರ್ಯವಿರಲಿಲ್ಲ. ಹದಿನೈದು ದಿನ ಕಳೆದ ಮೇಲೆ ಹೋದೆ. ಮಳೆ ಹೊಳವಾಗಿತ್ತು, ಕಟ್ಟಡದ ಕೆಲಸ ಮತ್ತೆ ಶುರುವಾಗಿತ್ತು. ಏಣಿ ಹಾಕುವ ಮುಂಚೆಯೇ ಗೊತ್ತಾಯಿತು. ಕೊಂಬೆಗಳ ಮೇಲೆ ಗಿಡಗಳಿದ್ದ ಕಡೆ ತೊಗಟೆ ಎದ್ದು ಹಸಿಮರ ಕಾಣುತ್ತಿತ್ತು. ಬಿಲ್ಲೆ ಕಟ್ಟಿದ ಗಿಡಗಳಲ್ಲಿ ಒಂದೂ ಉಳಿದಿರಲಿಲ್ಲ.

ನಾಗಮ್ಮ ಇಟ್ಟಿಗೆಯ ಬುಟ್ಟಿ ಇಳಿಸಿ ಬಂದಳು. ತಪ್ಪಿತಸ್ಥಳಂತೆ ತಲೆ ತಗ್ಗಿಸಲಿಲ್ಲ. ನನ್ನನ್ನು ಕಂಡದ್ದಕ್ಕೆ ಸಂತೋಷವೇ ಆದಂತಿತ್ತು. ನಾನೇ ದನಿಯೇರಿಸಿದೆ. ಬಿಲ್ಲೆಯವನ್ನು ಮುಟ್ಟುವುದಿಲ್ಲ ಎಂದಿದ್ದೆಯಲ್ಲ, ಬಸುರಿ ಗಿಡ ಬಿಡಬೇಕು ಎಂದಿದ್ದೆಯಲ್ಲ ಎಂದೆ.

"ನೀವೇ ಕೇಳೀರಂತಲ್ರಿ," ಎಂದಳು. "ಕಾಯಿ ಇದ್ದದ್ದು ಬೇಕು, ಯುನಿವರ್ಸಿಟಿಯಾಗಿನ ಮೇಡಂ ಹೇಳ್ಯಾರ, ಇಲ್ದಿದ್ರ ಕಾಗದ ಕೊಡಾಂಗಿಲ್ಲಂತ ಬೈಕಿನಾಂವ ಹೇಳಿದ. ಯಾವ ಮೇಡಂ ಅಂದೆ. ಗಿಡದ ಕಾಗದ ಬರಿಯೋ ಹುಡುಗಿ ಅಂದ. ಇಲ್ಲಿ ಏಣಿ ಹಾಕಿ ಗಿಡದ ಲೆಕ್ಕ ಬರಕೊಳ್ಳಾಕ ಯುನಿವರ್ಸಿಟಿಯಿಂದ ಬರೋರು ನೀವೊಬ್ರ. ನೀವ ಅಂತ ತಿಳೀತು. ಅಕ್ಕೋರು ಓದಿದಾರು, ಅವರಿಗೆ ಬೇಕಾಗಿದ್ರ ನಾ ಯಾಕ ಅಡ್ಡ ಬರ್ಲಿ ಅಂದು ಕಿತ್ತು ಕೊಟ್ಟೆ. ಕೀಳುಮುಂದ ಕೈ ಹಿಂದ ಬಂತು ನೋಡ್ರಿ, ಖರೇ. ಅರಿಶಿಣ ಕುಂಕುಮ ಇಟ್ಟು ಕಿತ್ತೆ."

ಉಳಿದವು? ಉಳಿದವನ್ನು ಯಾಕೆ ಕಿತ್ತೆ?

"ಮೊದ್ಲ ಕೊಟ್ಟದ್ದರಾಗ ಬ್ಯಾರೆ ಗಿಡ ಕೂಡಿಸೀರಿ ಅಂತ ಅವ ಕ್ಯಾತಿ ತಗೀತಿದ್ದ. ಈ ಸಲ ಬಿಲ್ಲಿ ಬಿಚ್ಚಲಿಲ್ಲ, ಹಂಗ ಕೊಟ್ಟೆ. ನೋಡಿದವ್ನ ತಕರಾರು ಬಂದ್ ಆತು. ಇದು ಓದಿದವ್ರು ಗುರ್ತು ಹಾಕಿದ ಖರೇ ಮಾಲು, ಬಿಲ್ಲಿ ಇದ್ದದ್ದೇ ತಾ ಅಂದ." ಅವಳು ಸೆರಗಿನಿಂದ ಮುಖದ ಸಿಮೆಂಟ್ ಒರೆಸಿಕೊಂಡಳು. "ನಂಬರ್ ಇದ್ದೋರಿಗೇ ಎಲ್ಲಾ ಸಿಗ್ತೈತಿ ಅಂತ ತಿಳ್ಕೊಂಡಿದ್ದೆ ಅಕ್ಕೋರೆ. ಪಾಪ, ಅವಕ್ಕ ನಂಬರ್ ಇಲ್ದಿದ್ರ ಉಳೀತಿದ್ವೋ ಏನೋ."

ಅವಳೇ ಸಮಾಧಾನ ಮಾಡಿದಳು. ಚಹಾ ಕುಡಿದು ಹೋಗಿ ಎಂದಳು. ಇಟ್ಟಿಗೆಯ ಮೇಲಿನ ಒಲೆಯಲ್ಲಿ ಕಾಸಿದ ಕರಿಚಹಾ ಕುಡಿದೆ. ಅವಳ ಕಟ್ಟಳೆಯನ್ನು ಮುರಿಸಿದವಳು ನಾನೆಂದು ಅವಳು ಒಂದು ಸಲವೂ ಹೇಳಲಿಲ್ಲ. ಅವಳಿಗೆ ಅದು ಹೇಳಬೇಕಾದ ಸಂಗತಿಯೇ ಆಗಿರಲಿಲ್ಲ.

ಮರುದಿನ ಬೇಗಂ ಬಜಾರಿಗೆ ಹೋದೆ. ನಾಗಮ್ಮ ಹೇಳಿದ ಗುರುತಿನ ಮೇಲೆ ಅಂಗಡಿ ಸಿಕ್ಕಿತು. ಗೋಣಿಚೀಲಗಳ ನಡುವೆ ಕುಳಿತಿದ್ದ ವ್ಯಾಪಾರಿ ನನ್ನನ್ನು ಗಿರಾಕಿಯೆಂದು ಭಾವಿಸಿ ರಾಸ್ನಾ ತೋರಿಸಿದ. ಬೇರುಗಳು ತುಂಡಾಗಿ ಒಣಗಿ ಬೂದು ಬಣ್ಣಕ್ಕೆ ತಿರುಗಿದ್ದವು. ಇದು ಅಸಲಿಯೇ ಎಂದು ಕೇಳಿದೆ. ಗಲ್ಲಾಪೆಟ್ಟಿಗೆಯ ಕೆಳಗಿಂದ ಒಂದು ಜೆರಾಕ್ಸ್ ತೆಗೆದು ನನ್ನ ಮುಂದೆ ಹಿಡಿದ. ತಾನು ಗಿಡ ಕೊಡುವ ಪ್ರತಿ ವಿದ್ಯಾರ್ಥಿಯಿಂದ ಕಾಗದದ ಒಂದು ಪ್ರತಿ ಇಸಿದುಕೊಳ್ಳುತ್ತೇನೆ, ಬೇರೆ ಗಿರಾಕಿಗಳಿಗೆ ತೋರಿಸಲು ಬರುತ್ತದೆ ಎಂದ. ಮೋಸದ ಮುಖವಲ್ಲ ಅದು. ವಿಶ್ವವಿದ್ಯಾಲಯವೇ ಬರೆದುಕೊಟ್ಟದ್ದನ್ನು ಅವನು ತೋರಿಸುತ್ತಿದ್ದ, ಅಷ್ಟೇ.

ಮೇಡಂಗೆ ಹೇಳಿದೆ. ಎಲ್ಲವನ್ನೂ ಅಲ್ಲ, ಬಿಲ್ಲೆಯ ಸಂಗತಿ ಬಿಟ್ಟು. ಅವರು ನೊಂದುಕೊಂಡರು. ಮೌಖಿಕ ಪರೀಕ್ಷೆ ಮುಗಿಯಲಿ, ಆಮೇಲೆ ನೋಡೋಣ ಎಂದರು. ಪ್ರಬಂಧದಲ್ಲಿ ಹದಿನೇಳನೆಯ ಗಿಡದ ಎದುರು ನಾನು 'ಕಾಣೆಯಾಗಿದೆ' ಎಂದು ಬರೆದೆ. ಪರೀಕ್ಷಕರು ಕಾರಣ ಕೇಳಲಿಲ್ಲ. ಉಳಿದ ಸಾಲುಗಳ ಎದುರೂ ಅದೇ ಪದವಿತ್ತು. ನಷ್ಟವನ್ನು ಕ್ರಮಬದ್ಧವಾಗಿ ದಾಖಲಿಸಿದ್ದಕ್ಕೆ ಅವರು ನನ್ನನ್ನು ಮೆಚ್ಚಿಕೊಂಡರು. ನನಗೆ ಪ್ರಥಮ ಶ್ರೇಣಿ ಬಂತು. ಪ್ರವಳಿಕಳಿಗೂ ಪದವಿ ಸಿಕ್ಕಿತು. ಮದುವೆಯ ಕರೆಯೋಲೆ ಕಳಿಸಿದ್ದಳು. ಅವಳನ್ನು ದೂರಲು ನನ್ನಲ್ಲಿ ಒಂದು ಮಾತೂ ಇಲ್ಲ. ಅವಳು ನಾವು ಕೇಳಿದ್ದನ್ನು ತಂದಳು. ನಾಗಮ್ಮನೂ ನಾವು ಕೇಳಿದ್ದನ್ನೇ ಕೊಟ್ಟಳು.

ವಸ್ತುಪ್ರದರ್ಶನದಿಂದ ಬಂದ ಮರುವಾರ ತೋಪಿಗೆ ಹೋಗಿದ್ದೆ. ಮನೆಗಳು ಎದ್ದಿವೆ, ನಾಲ್ಕು ಮಾವಿನ ಮರಗಳನ್ನು ಅಂದಕ್ಕೆಂದು ಉಳಿಸಿಕೊಂಡಿದ್ದಾರೆ. ಶೆಡ್ಡುಗಳಿಲ್ಲ. ನಾಗಮ್ಮ ಈಗ ಯಾವ ದಿಕ್ಕಿನ ಕಟ್ಟಡದಲ್ಲಿ ಇದ್ದಾಳೋ ಕಾವಲುಗಾರನಿಗೆ ತಿಳಿಯದು. ಹದಿನೇಳನೆಯ ಗಿಡವಿದ್ದ ಕೊಂಬೆ ಉಳಿದಿತ್ತು. ತೊಗಟೆ ಮತ್ತೆ ಕೂಡಿಕೊಂಡಿತ್ತು. ಆದರೆ ಹತ್ತಿರ ಹೋಗಿ ನೋಡಿದರೆ ಬೇರುಗಳು ತಬ್ಬಿದ್ದ ದಾರಿ ತಿಳಿಯುತ್ತದೆ: ಕವಲೊಡೆದು ಇಳಿದ ಮಾಸಲು ಬಿಳಿ ಗೆರೆಗಳು. ಅವುಗಳ ಮೇಲೆ ಬೆರಳಾಡಿಸಿದೆ. ಮಳೆಗಾಲವಾಗಿದ್ದರೂ ಅವು ಹಸಿರಾಗುತ್ತಿರಲಿಲ್ಲ.

ಆದ್ದರಿಂದ ಈ ಬರಹದ ಕೊನೆಯ ಭಾಗವನ್ನು ಓದುಗರ ಸಮಕ್ಷಮದಲ್ಲಿ ನಾನು ಓದಿದ ವಿಭಾಗದ ಮುಖ್ಯಸ್ಥರಿಗೆ, ವಿಶ್ವವಿದ್ಯಾಲಯದ ಕುಲಸಚಿವರಿಗೆ ಮತ್ತು ರಾಜ್ಯದ ಜೀವವೈವಿಧ್ಯದ ಹೊಣೆ ಹೊತ್ತ ಅಧಿಕಾರಿಗಳಿಗೆ ಒಪ್ಪಿಸುತ್ತಿದ್ದೇನೆ.

ಮಾನ್ಯರೇ, ವಿಭಾಗವು ಈವರೆಗೆ ನೀಡಿದ ಸಸ್ಯ ದೃಢೀಕರಣ ಪತ್ರಗಳ ದಾಖಲೆಯನ್ನು ಸಾರ್ವಜನಿಕರ ಮುಂದಿಡಬೇಕೆಂದು ಕೋರುತ್ತೇನೆ. ದಾಖಲೆಯೇ ಇಲ್ಲವಾದರೆ, ಇಲ್ಲವೆಂದು ಬರಹದಲ್ಲಿ ತಿಳಿಸಿ. ಇನ್ನು ಮುಂದೆ ಗಿಡ ಎಲ್ಲಿಂದ ಬಂತು, ಎಷ್ಟು ಬಂತು, ಯಾರ ಅನುಮತಿಯಿಂದ ಬಂತು ಎಂದು ಕೇಳದ ಯಾವ ಕಾಗದಕ್ಕೂ ಮುದ್ರೆ ಬೀಳಬಾರದು. ಒಬ್ಬರು ಮಾಡಿ ಮುಗಿಸಿದ ಪ್ರಯೋಗವನ್ನು ಅದೇ ಗಿಡದ ಮೇಲೆ ಮತ್ತೆ ಮಾಡುವವರಿಗೆ ಹೊಸದಾಗಿ ಕೀಳುವ ಅವಕಾಶ ಕೊಡಬೇಕೇ ಎಂಬುದನ್ನು ತಾವು ನಿರ್ಧರಿಸಿ, ಆ ನಿರ್ಧಾರಕ್ಕೆ ಕಾರಣ ಕೊಡಬೇಕು. ಹೂವು ಕಾಯಿ ಇಲ್ಲದೆ ಗುರುತಿಸುವುದಿಲ್ಲವೆಂಬ ನಿಯಮ, ಕಡೆಯ ಕಾಯಿಯನ್ನೂ ಕೀಳಿಸುವ ನಿಯಮವಾಗುವ ಸಂದರ್ಭದಲ್ಲಿ ಏನು ಮಾಡಬೇಕೆಂದು ಮುಂದಿನ ಸಹಾಯಕಿಗೆ ಯಾರಾದರೂ ಬರೆದುಕೊಡಿ. ನನಗೆ ಯಾರೂ ಬರೆದುಕೊಟ್ಟಿರಲಿಲ್ಲ. ಅದು ನನ್ನ ಸಮರ್ಥನೆಯಲ್ಲ. ಗುರುತಿಸುವವರು ಒಂದು ಕಡೆ, ಕಾಯುವವರು ಒಂದು ಕಡೆ ಎಂಬ ವಿಂಗಡಣೆಯನ್ನು ತಾವು ಇಂದಿಗೂ ಒಪ್ಪುತ್ತೀರಾದರೆ ಅದನ್ನೂ ಸ್ಪಷ್ಟವಾಗಿ ಹೇಳಿ.

ಗಿಡ ಕಿತ್ತವರನ್ನು ಹುಡುಕಿ ಶಿಕ್ಷಿಸುವ ಪ್ರಕಟಣೆಯೊಂದನ್ನು ಹೊರಡಿಸಿ ಈ ಪ್ರಕರಣ ಮುಗಿಸಬೇಡಿ. ವಿಚಾರಣೆ ನಡೆಯುವುದಾದರೆ ಮೊದಲ ಹೇಳಿಕೆ ನನ್ನದಿರಲಿ. ಅರ್ಹತೆಯಿಲ್ಲದೆ ಪಡೆದದ್ದೆಂದು ತಮಗೆ ಅನಿಸಿದರೆ ನನ್ನ ಶ್ರೇಣಿಯನ್ನು ಹಿಂಪಡೆಯಿರಿ, ನಾನು ಆಕ್ಷೇಪಿಸುವುದಿಲ್ಲ. ಪ್ರಬಂಧದಲ್ಲಿ 'ಕಾಣೆಯಾಗಿದೆ' ಎಂದಿರುವ ಕಡೆಯಲ್ಲೆಲ್ಲ 'ನಮ್ಮ ದೃಢೀಕರಣಕ್ಕಾಗಿ ಕೀಳಲಾಗಿದೆ' ಎಂದು ತಿದ್ದಲು ಅನುಮತಿ ಕೊಡಿ.

ಈ ಪತ್ರದ ಜೊತೆಗೆ ಒಂದು ಅಲ್ಯೂಮಿನಿಯಂ ಬಿಲ್ಲೆಯನ್ನು ಲಗತ್ತಿಸಿದ್ದೇನೆ. ಸಂಖ್ಯೆ ಹದಿನೇಳು. ಅಂಚು ಎರಡು ಸಲ ಉಜ್ಜಿದ್ದು, ಕೈಗೆ ಗಾಯವಾಗುವುದಿಲ್ಲ. ತಲುಪಿದ್ದಕ್ಕೆ ಸಹಿ ಮಾಡಿದ ಸ್ವೀಕೃತಿಯನ್ನೂ ಮೇಲಿನ ಪ್ರಶ್ನೆಗಳಿಗೆ ಲಿಖಿತ ಉತ್ತರವನ್ನೂ ಈ ಮಳೆಗಾಲ ಶುರುವಾಗುವ ಮುನ್ನ ಕಳುಹಿಸಿಕೊಡಬೇಕಾಗಿ ವಿನಂತಿ.